ಜೀವ ಉಳಿಯಿತಲ್ಲ, ಕಾಲಿನ ಜೋಮು ಯಾವ ಲೆಕ್ಕ?

ಕ್ಯಾನ್ಸರಿನ ಚಿಕಿತ್ಸೆ ಮುಗಿಸಿ ಊರಿಗೆ ಮರಳಿದವರನ್ನು ಮಾತನಾಡಿಸಲು ಹೋದಾಗ ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲಿ ಬಹುತೇಕ ತಪ್ಪದೆ ಕೇಳಿಬರುವ ಮಾತೊಂದಿದೆ. ರೋಗಿಯು ಮೆಲುದನಿಯಲ್ಲಿ "ಕೈಕಾಲು ಒಂಥರಾ ಜೋಮು ಹಿಡಿದ ಹಾಗೆ ಇರ್ತದೆ..." ಎಂದು ಆರಂಭಿಸುವಷ್ಟರಲ್ಲಿ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು, "ದೇವರು ದೊಡ್ಡವನು, ಜೀವ ಉಳಿಯಿತಲ್ಲ! ಕಾಲಿನ ಜೋಮು ಯಾವ ಲೆಕ್ಕ?" ಎಂದು ಆ ಮಾತನ್ನು ಅಲ್ಲಿಗೇ ಮುಗಿಸಿಬಿಡುತ್ತಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಧೈರ್ಯ ತುಂಬುವುದೇ ಅವರ ಉದ್ದೇಶ. ಆದರೂ ಈ ಮಾತನ್ನು ನಾವು ಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ ಆ ಜೋಮು ಲೆಕ್ಕಕ್ಕೆ ಬರುತ್ತದೆ. ಅದರಿಂದ ಜನ ಬಚ್ಚಲುಮನೆಯಲ್ಲಿ ಬೀಳುತ್ತಾರೆ, ಕಾಲು ಸುಟ್ಟುಕೊಳ್ಳುತ್ತಾರೆ, ಅಡಿಕೆ ಸುಲಿಯುವ ಕೆಲಸ ಕಳೆದುಕೊಳ್ಳುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಸಕಾಲದಲ್ಲಿ ಬಾಯಿಬಿಟ್ಟು ಹೇಳಿದ್ದರೆ ಕಡಿಮೆ ಮಾಡಬಹುದಾಗಿದ್ದ ತೊಂದರೆಯನ್ನು ಜೀವಮಾನವಿಡೀ ಹೊತ್ತು ತಿರುಗುತ್ತಾರೆ.

ನಾನು ವೈದ್ಯನಲ್ಲ. ಈ ಮೂರು ಊರುಗಳ ಪ್ರೌಢಶಾಲೆಗಳಲ್ಲಿ ವಿಜ್ಞಾನ ಪಾಠ ಹೇಳಿದ ಒಬ್ಬ ನಿವೃತ್ತ ಮೇಷ್ಟ್ರು, ಅಷ್ಟೆ. ಕಳೆದ ಎರಡು ಮೂರು ವರ್ಷಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ತಮ್ಮ ತಾಯಿಗೋ, ಅತ್ತೆಗೋ, ಇಬ್ಬರು ಸ್ವತಃ ತಮಗೋ ಬಂದ ಈ ತೊಂದರೆಯ ಬಗ್ಗೆ ದೂರವಾಣಿಯಲ್ಲಿ ವಿಚಾರಿಸಿದರು. ಅದಕ್ಕೂ ಮೊದಲು ನಮ್ಮ ಮನೆಯಲ್ಲೇ ಅದನ್ನು ಹತ್ತಿರದಿಂದ ನೋಡಿದ್ದೆ. ಆದ್ದರಿಂದ ಓದಿ ತಿಳಿದುದನ್ನೂ ಕಂಡದ್ದನ್ನೂ ಒಂದೆಡೆ ಬರೆದಿಡುವುದು ಉಚಿತವೆನಿಸಿತು.

ನನ್ನ ತಂಗಿ ಅಜ್ಜಂಪುರದ ಸಮೀಪದ ಹಳ್ಳಿಯವಳು. ಈರುಳ್ಳಿ, ತೆಂಗು ಬೆಳೆಯುವ ಮನೆ. ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ವಾರಕ್ಕೊಂದರಂತೆ 12 ವಾರ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧಿಯನ್ನು ಏರಿಸಿದರು. ಮಗನ ಮನೆಯಲ್ಲಿದ್ದುಕೊಂಡು ಚಿಕಿತ್ಸೆ ಪಡೆದಳು. ಆರನೆಯ ವಾರದ ಹೊತ್ತಿಗೆ ಬೆರಳ ತುದಿಗಳಲ್ಲಿ ಇರುವೆ ಹರಿದಂತಾಗತೊಡಗಿತು. ಆಮೇಲೆ ಅಂಗಾಲು. ಅವಳು ಯಾರಿಗೂ ಹೇಳಲಿಲ್ಲ. ಒಂದು ಸಂಜೆ ನಾನೇ ಕೆದಕಿ ಕೇಳಿದಾಗ ಹೇಳಿದ್ದು ಇಷ್ಟು: "ಅಣ್ಣಯ್ಯ, ನೆಲ ಕಾಲಿಗೆ ಸಿಗ್ತಾನೇ ಇಲ್ಲ. ಹತ್ತಿ ಮೇಲೆ ನಡೆದ ಹಾಗೆ ಆಗ್ತದೆ. ಡಾಕ್ಟ್ರಿಗೆ ಹೇಳಿದ್ರೆ ಔಷಧಿ ಕಮ್ಮಿ ಮಾಡ್ತಾರೆ. ಆಮೇಲೆ ಕಾಯಿಲೆ ತಿರುಗಿ ಬಂದ್ರೆ?"

ಅವಳ ಈ ಭಯ ಅವಳೊಬ್ಬಳದಲ್ಲ. ನನ್ನ ಬಳಿ ಮಾತನಾಡಿದ ಬಹುಪಾಲು ಜನ ಇದನ್ನೇ ಬೇರೆ ಬೇರೆ ಮಾತುಗಳಲ್ಲಿ ಹೇಳಿದರು. ಕೊನೆಗೆ ನಾವು ಒತ್ತಾಯಿಸಿ ಹೇಳಿಸಿದಾಗ ಆಸ್ಪತ್ರೆಯಲ್ಲಿ ದೊರೆತ ಉತ್ತರ, "ಹಾಗಾಗುತ್ತದೆ, ಕ್ರಮೇಣ ಸರಿಹೋಗುತ್ತದೆ" ಎಂಬುದು. ಜೊತೆಗೆ ವಿಟಮಿನ್ ಮಾತ್ರೆಯ ಒಂದು ಪಟ್ಟಿ. ಊರಿಗೆ ಬಂದ ಮೇಲೆ ಒಂದು ದಿನ ಅವಳ ಹವಾಯಿ ಚಪ್ಪಲಿಯಲ್ಲಿ ಒಂದು ದಾರಿಯಲ್ಲೇ ಕಳಚಿ ಬಿದ್ದಿದೆ. ಮನೆಯ ಜಗಲಿ ಹತ್ತಿ ಕೆಳಗೆ ನೋಡುವವರೆಗೆ ಅವಳಿಗೆ ಗೊತ್ತೇ ಆಗಿಲ್ಲ. ಮತ್ತೊಂದು ದಿನ ಹಂಡೆಯ ನೀರು ಕಾಲಿನ ಮೇಲೆ ಬಿದ್ದು ಬೊಬ್ಬೆ ಎದ್ದಿತ್ತು. ಅದನ್ನು ಮೊದಲು ಕಂಡದ್ದು ಮೊಮ್ಮಗಳು. ಸೇವಂತಿಗೆ ಹೂವನ್ನು ನೋಡದೆಯೇ ಮಾರುಗಟ್ಟಲೆ ಕಟ್ಟುತ್ತಿದ್ದ ಕೈಗೆ ದಾರ ಸಿಗುತ್ತಿರಲಿಲ್ಲ. ರವಿಕೆಯ ಹುಕ್ಕು ಹಾಕಲು ಸೊಸೆ ಬೇಕಾಗಿತ್ತು. ಕ್ಯಾನ್ಸರಿಗೆ ಅಳದವಳು ಅದಕ್ಕೆ ಅತ್ತಳು.

ಹೀಗೇಕಾಗುತ್ತದೆ? ತರಗತಿಯಲ್ಲಾಗಿದ್ದರೆ ಕಪ್ಪುಹಲಗೆಯ ಮೇಲೆ ಬೀರೂರು ಜಂಕ್ಷನ್ನಿನ ಚಿತ್ರ ಬರೆಯುತ್ತಿದ್ದೆ. ನೀವೆಲ್ಲ ಬಲ್ಲಂತೆ ಬೆಂಗಳೂರಿನಿಂದ ಕಡೂರು ದಾಟಿ ಬಂದ ಹಳಿ ಬೀರೂರಿನಲ್ಲಿ ಕವಲೊಡೆಯುತ್ತದೆ. ಒಂದು ಅಜ್ಜಂಪುರದ ಮೂಲಕ ಹುಬ್ಬಳ್ಳಿಯತ್ತ, ಇನ್ನೊಂದು ತರೀಕೆರೆಯ ಮೂಲಕ ಶಿವಮೊಗ್ಗದತ್ತ. ನಮ್ಮ ಸ್ಪರ್ಶದ ನರಕೋಶಗಳ ಮುಖ್ಯ ಭಾಗ ಬೆನ್ನುಹುರಿಯ ಪಕ್ಕದ ಗಂಟುಗಳಲ್ಲಿದೆ. ಅದನ್ನು ಜಂಕ್ಷನ್ ಎಂದುಕೊಳ್ಳಿ. ಅಲ್ಲಿಂದ ಹೊರಟ ಎಳೆಯೊಂದು ಕಾಲ್ಬೆರಳ ತುದಿಯವರೆಗೆ, ಹೆಚ್ಚುಕಡಿಮೆ ಒಂದು ಮೀಟರು, ಸಾಗುತ್ತದೆ. ಆ ತುದಿಗೆ ಬೇಕಾದ ಆಹಾರಸಾಮಗ್ರಿಯೆಲ್ಲ ಜಂಕ್ಷನ್ನಿನಲ್ಲೇ ತಯಾರಾಗಿ, ಎಳೆಯೊಳಗಿನ ಅತಿ ಸೂಕ್ಷ್ಮ ಕೊಳವೆಗಳ ಹಳಿಯ ಮೇಲೆ ಸಾಗಿ ತಲುಪಬೇಕು. ಕ್ಯಾನ್ಸರ್ ಕೋಶಗಳು ಒಡೆದು ಎರಡಾಗುವಾಗಲೂ ಇಂಥದೇ ಕೊಳವೆಗಳು ಬೇಕು. ಪ್ಯಾಕ್ಲಿಟ್ಯಾಕ್ಸೆಲ್ ಅವನ್ನು ಸೆಟೆದು ನಿಲ್ಲಿಸುತ್ತದೆ, ವಿನ್‌ಕ್ರಿಸ್ಟಿನ್ ಅವು ಕಟ್ಟಿಕೊಳ್ಳದಂತೆ ತಡೆಯುತ್ತದೆ. ಕ್ಯಾನ್ಸರ್ ಕೋಶ ಸಾಯುತ್ತದೆ. ಆದರೆ ನರದ ಹಳಿಯೂ ಕೆಡುತ್ತದೆ. ಹಳಿ ಕೆಟ್ಟಾಗ ಮೊದಲು ಉಪವಾಸ ಬೀಳುವುದು ಕಟ್ಟಕಡೆಯ ನಿಲ್ದಾಣ. ಆದ್ದರಿಂದಲೇ ಈ ತೊಂದರೆ ಸಾಮಾನ್ಯವಾಗಿ ಕಾಲು ಮತ್ತು ಕೈಗಳ ಬೆರಳ ತುದಿಯಿಂದ ಆರಂಭವಾಗಿ, ಕಾಲುಚೀಲ, ಕೈಗವಸು ತೊಟ್ಟ ಆಕಾರದಲ್ಲಿ ಮೇಲಕ್ಕೇರುತ್ತದೆ.

ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್ ಮೊದಲಾದ ಪ್ಲಾಟಿನಂ ಔಷಧಿಗಳು ಹಳಿಯನ್ನಲ್ಲ, ಜಂಕ್ಷನ್ನನ್ನೇ ಘಾಸಿಗೊಳಿಸುತ್ತವೆ. ಅದರ ಪರಿಣಾಮ ವಿಚಿತ್ರ: ಔಷಧಿ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಜೋಮು ಏರುತ್ತಲೇ ಹೋಗಬಹುದು. "ಕಿಮೋ ಮುಗಿದು ಎರಡು ತಿಂಗಳಾಯಿತು, ಈಗ ಹೆಚ್ಚಾಗ್ತಿದೆಯಲ್ಲ ಸರ್, ಕಾಯಿಲೆ ಮರುಕಳಿಸಿದೆಯೇ?" ಎಂದು ತರೀಕೆರೆಯ ಹಳೆಯ ವಿದ್ಯಾರ್ಥಿಯೊಬ್ಬ ಗಾಬರಿಯಿಂದ ಕೇಳಿದ್ದ. ಇದನ್ನು ಮೊದಲೇ ಒಂದು ವಾಕ್ಯದಲ್ಲಿ ಯಾರಾದರೂ ತಿಳಿಸಿದ್ದರೆ ಅವನ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತಿತ್ತು.

ಪ್ರಾಸಂಗಿಕವಾಗಿ ಒಂದು ಮಾತು. ವಿನ್‌ಕ್ರಿಸ್ಟಿನ್ ದೊರೆಯುವುದು ನಮ್ಮ ಅಂಗಳಗಳಲ್ಲಿ ಯಾರೂ ನೀರೆರೆಯದೆ ಬೆಳೆಯುವ ಕಾಶಿಕಣಗಿಲೆಯಿಂದ. ನಿತ್ಯಪುಷ್ಪ, ಸದಾಪುಷ್ಪವೆಂದೂ ಕರೆಯುತ್ತೇವೆ. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು ಸಕ್ಕರೆ ಕಾಯಿಲೆಗೆ ಮದ್ದು ಹುಡುಕುತ್ತ ಈ ಗಿಡವನ್ನು ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ಅಲ್ಲಿಂದ ಕ್ಯಾನ್ಸರ್ ಔಷಧಿಯ ದಾರಿ ತೆರೆಯಿತು. ಇದನ್ನು ಹೇಳಿದೊಡನೆ ಕೆಲವರು ಎಲೆ ಕಿತ್ತು ಅಗಿಯಲು ಆರಂಭಿಸುತ್ತಾರೆ. ದಯವಿಟ್ಟು ಬೇಡ. ಅದು ವಿಷದ ಗಿಡ. ಆಸ್ಪತ್ರೆಯಲ್ಲಿ ಅದರ ಸಾರವನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೂಗಿ ಕೊಟ್ಟಾಗಲೇ ನರಗಳು ಹೀಗಾಗುತ್ತವೆ.

ಇನ್ನು ಇದು ಅಪರೂಪದ ತೊಂದರೆಯೇ? ಅಲ್ಲವೇ ಅಲ್ಲ. ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಇಂಥ ಔಷಧಿ ಪಡೆದವರಲ್ಲಿ ಚಿಕಿತ್ಸೆ ಮುಗಿದ ಮೊದಲ ತಿಂಗಳಲ್ಲಿ ನೂರಕ್ಕೆ 68 ಮಂದಿಗೆ, ಆರು ತಿಂಗಳ ನಂತರವೂ 30 ಮಂದಿಗೆ ಈ ನರಹಾನಿ ಇರುತ್ತದೆ. ಅಮೆರಿಕದಲ್ಲಿ ಕ್ಯಾನ್ಸರ್ ಗೆದ್ದ 512 ಮಹಿಳೆಯರನ್ನು ಕುರಿತ 2017ರ ಅಧ್ಯಯನವೊಂದರಲ್ಲಿ, ಚಿಕಿತ್ಸೆ ಮುಗಿದು ಸರಾಸರಿ ಆರು ವರ್ಷಗಳಾದ ಮೇಲೂ ಸುಮಾರು ಅರ್ಧದಷ್ಟು ಜನರಿಗೆ ಲಕ್ಷಣಗಳಿದ್ದವು; ಅಂಥವರು ಬೀಳುವ ಸಂಭವ ಉಳಿದವರಿಗಿಂತ 1.8 ಪಟ್ಟು ಹೆಚ್ಚಿತ್ತು. ಅರವತ್ತು ದಾಟಿದ ಹೆಂಗಸೊಬ್ಬಳು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮನೆಯ ಪಾಡೇನಾಗುತ್ತದೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಕ್ಯಾನ್ಸರಿನಿಂದ ಉಳಿಸಿಕೊಂಡ ಜೀವ ಬಚ್ಚಲಿನಲ್ಲಿ ಜಾರಿ ಹಾಸಿಗೆ ಹಿಡಿದರೆ ಆ ಉಳಿಕೆಗೆ ಏನರ್ಥ?

ಜೋಮು ಆರಂಭವಾದೊಡನೆ, ಚಿಕಿತ್ಸೆ ನಡೆಯುತ್ತಿರುವಾಗಲೇ, ಪ್ರತಿ ಭೇಟಿಯಲ್ಲಿಯೂ ವೈದ್ಯರಿಗೆ ಹೇಳಬೇಕು. ನನ್ನ ಬರಹದ ಉಳಿದುದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. "ಸ್ವಲ್ಪ ಜೋಮು" ಎಂದರೆ ಸಾಲದು. ಗುಂಡಿ ಹಾಕಲು ಬರುತ್ತಿಲ್ಲ, ಚಪ್ಪಲಿ ಬಿದ್ದುದು ತಿಳಿಯಲಿಲ್ಲ, ಕತ್ತಲಲ್ಲಿ ನಡೆದರೆ ತೂಗಾಡುತ್ತೇನೆ ಎಂದು ಹೇಳಬೇಕು. ವೈದ್ಯರು ಆಗ ಔಷಧಿಯ ಪ್ರಮಾಣ ತಗ್ಗಿಸಬಹುದು, ಅಂತರ ಹೆಚ್ಚಿಸಬಹುದು, ಬೇರೆ ಔಷಧಿಗೆ ಬದಲಾಯಿಸಬಹುದು, ಅಥವಾ ಎಲ್ಲವನ್ನೂ ತೂಗಿ ಹಾಗೆಯೇ ಮುಂದುವರಿಸಬಹುದು. ಕಾಯಿಲೆ ಮರುಕಳಿಸುವ ಅಪಾಯವೆಷ್ಟು, ನರದ ಹಾನಿಯೆಷ್ಟು ಎಂದು ತೂಗುವುದು ಅವರ ಕಸುಬು. ತಕ್ಕಡಿಯ ಒಂದು ತಟ್ಟೆಯನ್ನು ನಾವು ಮುಚ್ಚಿಟ್ಟರೆ ಅವರು ಹೇಗೆ ತೂಗಬೇಕು?

ಔಷಧಿಯಿಂದ ಆದ ತೊಂದರೆಗೆ ಮತ್ತೊಂದು ಔಷಧಿ ಇರಬೇಕಲ್ಲ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಇಲ್ಲಿ ಆ ಭಾವನೆ ಹೆಚ್ಚು ದೂರ ನಡೆಯದು. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಈ ನರಹಾನಿಯನ್ನು ತಡೆಯಲು ಯಾವ ಔಷಧಿಯನ್ನೂ ಶಿಫಾರಸು ಮಾಡಿಲ್ಲ. ಈಗಾಗಲೇ ಬಂದ ನೋವಿಗೆ ಡ್ಯುಲೋಕ್ಸೆಟಿನ್ ಒಂದನ್ನು ಮಾತ್ರ ಹೇಳಿದೆ. ಅದರ ಪ್ರಯೋಜನವೂ ಮಿತವಾದುದು, ಅದು ಮುಖ್ಯವಾಗಿ ನೋವಿಗೇ ಹೊರತು ಮರಗಟ್ಟಿದ ಕಾಲಿಗಾಗಲಿ ತಪ್ಪಿದ ಸಮತೋಲಕ್ಕಾಗಲಿ ಅಲ್ಲ. "ನರಕ್ಕೆ ಶಕ್ತಿ" ಎಂದು ಔಷಧಿ ಅಂಗಡಿಯಲ್ಲಿ ಕೊಡುವ ಕೆಲವು ಮಾತ್ರೆಗಳಲ್ಲಿ ಅಸಿಟೈಲ್ ಎಲ್ ಕಾರ್ನಿಟಿನ್ ಎಂಬುದಿರುತ್ತದೆ. ಸ್ತನ ಕ್ಯಾನ್ಸರಿಗೆ ಇದೇ ಪ್ಯಾಕ್ಲಿಟ್ಯಾಕ್ಸೆಲ್ ಗುಂಪಿನ ಔಷಧಿ ಪಡೆಯುತ್ತಿದ್ದ ಮಹಿಳೆಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಅದು ತೊಂದರೆಯನ್ನು ತಗ್ಗಿಸುವ ಬದಲು ಹೆಚ್ಚಿಸಿತು. ವೈದ್ಯರನ್ನು ಕೇಳದೆ ಅಂಗಡಿಯ ಮಾತ್ರೆ ನುಂಗಬೇಡಿರೆಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೆ. ಬಿ12 ಕೊರತೆಯಿದೆಯೇ, ಸಕ್ಕರೆ ಹತೋಟಿಯಲ್ಲಿದೆಯೇ ಎಂದು ರಕ್ತ ಪರೀಕ್ಷೆ ಮಾಡಿಸುವುದು ಬೇರೆ ಮಾತು; ಅದು ಅವಶ್ಯ. ಅವೆರಡೂ ತಾವಾಗಿಯೇ ನರವನ್ನು ಕೆಡಿಸಬಲ್ಲವು.

ಹಾಗಾದರೆ ಉಳಿದಿರುವುದೇನು? ನಡಿಗೆ, ಅಭ್ಯಾಸ, ಎಚ್ಚರ. ಕೇಳಲು ಬಡವಾಗಿ ಕಾಣುವ ಈ ಉಪಾಯಗಳನ್ನು ನಾನು ಗಟ್ಟಿಯಾಗಿ ಪ್ರತಿಪಾದಿಸುತ್ತೇನೆ. ಕಿಮೋಥೆರಪಿಗೆ ಒಳಗಾದವರು ದಿನವಿಡೀ ಮಲಗಿರಬೇಕೆಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು ಕಿಮೋ ಪಡೆಯುತ್ತಿರುವವರಿಗೇ ಆರು ವಾರಗಳ ಕಾಲ ಮನೆಯಲ್ಲಿ ಮಾಡುವ ನಡಿಗೆಯನ್ನೂ ರಬ್ಬರ್ ಪಟ್ಟಿ ಎಳೆಯುವ ಲಘು ವ್ಯಾಯಾಮವನ್ನೂ ಕೊಟ್ಟು ನೋಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ವ್ಯಾಯಾಮ ಮಾಡಿದವರಲ್ಲಿ ಕೈಕಾಲುಗಳ ಬಿಸಿ, ತಂಪಿನ ಕಿರಿಕಿರಿ ಕಡಿಮೆಯಿತ್ತು. ಜೋಮಿನಲ್ಲೂ ಸ್ವಲ್ಪ ವ್ಯತ್ಯಾಸ ಕಂಡಿತ್ತು. ಅದಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ಜರ್ಮನಿಯಲ್ಲಿ 158 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪರೀಕ್ಷೆ. ಕಿಮೋ ನಡೆಯುತ್ತಿರುವಾಗಲೇ ವಾರಕ್ಕೆ 2 ಬಾರಿ, ಒಮ್ಮೆಗೆ 15ರಿಂದ 30 ನಿಮಿಷ ಸಮತೋಲದ ಅಭ್ಯಾಸ. ಅಷ್ಟೆ. ಅಭ್ಯಾಸ ಮಾಡದ ಗುಂಪಿನಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ನರಹಾನಿಯ ಲಕ್ಷಣ ಬಂದರೆ, ಅಭ್ಯಾಸ ಮಾಡಿದವರಲ್ಲಿ ಬಂದದ್ದು 30 ಮಂದಿಗೆ. ಒಂದು ಪರೀಕ್ಷೆಯಿಂದ ಎಲ್ಲವೂ ಸಿದ್ಧವಾಗದು, ನಿಜ. ಆದರೆ ಖರ್ಚಿಲ್ಲದ, ಕೇಡಿಲ್ಲದ ಉಪಾಯವೊಂದು ಇಷ್ಟು ಭರವಸೆ ಕೊಡುವಾಗ ಇನ್ನೂ ಹತ್ತು ವರ್ಷ ಕಾದು ನೋಡೋಣವೆನ್ನುವುದು ನನ್ನ ಬುದ್ಧಿಗೆ ಒಗ್ಗುವುದಿಲ್ಲ.

ಸಮತೋಲದ ಅಭ್ಯಾಸವೆಂದರೆ ಯಂತ್ರವೇನೂ ಬೇಡ. ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಮಾಡಿಸುತ್ತಿದ್ದುದರಲ್ಲಿ ಅರ್ಧ ಸಾಕು. ಕಿಟಕಿಯ ಸರಳನ್ನು ಹಿಡಿದು, ಹಿಂದೆ ಕುರ್ಚಿಯಿಟ್ಟುಕೊಂಡು, ಮೊದಲು ಎರಡೂ ಪಾದ ಜೋಡಿಸಿ ನಿಲ್ಲುವುದು. ಆಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನಿಲ್ಲುವುದು. ಬಳಿಕ ಒಂಟಿ ಕಾಲಿನಲ್ಲಿ, 20 ಎಣಿಸುವಷ್ಟು. ಅದು ಸಲೀಸಾದ ಮೇಲೆ ಮಡಿಸಿದ ಕಂಬಳಿಯ ಮೇಲೆ ನಿಂತು ಅದನ್ನೇ ಮಾಡುವುದು. ಬೆರಳ ಮೇಲೆ ಏರುವುದು, ಇಳಿಯುವುದು. ಕೈಯಳತೆಯಲ್ಲಿ ಯಾರಾದರೂ ಇರಲೇಬೇಕು. ಮೂಳೆಗೆ ಕ್ಯಾನ್ಸರ್ ಹರಡಿದ್ದವರು, ರಕ್ತಕಣ ತೀರ ಇಳಿದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ನನ್ನ ತಂಗಿಗೆ ಕಿಮೋ ಮುಗಿದ ಮೇಲೆ ಇದನ್ನು ಕಲಿಸಿದ್ದು ನನ್ನ ಶಿಷ್ಯೆಯೇ ಆದ ಫಿಸಿಯೋಥೆರಪಿಸ್ಟ್ ಒಬ್ಬಳು. ಜೋಮು ಪೂರ್ತಿ ಹೋಗಲಿಲ್ಲ. ಆದರೆ ಮೂರು ತಿಂಗಳಲ್ಲಿ ಅವಳು ಗೋಡೆ ಹಿಡಿಯದೆ ಹಿತ್ತಲಿಗೆ ಹೋಗಿ ಬರತೊಡಗಿದಳು. ನರ ಸರಿಹೋಗುವುದೇ ಬೇರೆ, ಇರುವ ನರದಿಂದ ಕೆಲಸ ತೆಗೆದುಕೊಳ್ಳಲು ಮೆದುಳು ಕಲಿಯುವುದೇ ಬೇರೆ. ಮೇಷ್ಟ್ರಾದ ನನಗೆ ಎರಡನೆಯದರಲ್ಲಿ ನಂಬಿಕೆ ಹೆಚ್ಚು.

ಎರಡನೆಯ ಉಪಾಯ ತಂಪು ಮತ್ತು ಒತ್ತಡ. ಔಷಧಿ ಏರಿಸುವ ಹೊತ್ತಿನಲ್ಲಿ ಕೈಕಾಲುಗಳನ್ನು ತಣ್ಣಗಿಟ್ಟರೆ ಅಲ್ಲಿನ ರಕ್ತನಾಳಗಳು ಕುಗ್ಗಿ ಬೆರಳುಗಳಿಗೆ ಹೋಗುವ ಔಷಧಿ ಕಡಿಮೆಯಾಗುತ್ತದೆ ಎಂಬುದು ಇದರ ಹಿಂದಿನ ತರ್ಕ. ಜಪಾನಿನಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಪಡೆಯುವವರ ಒಂದು ಕೈ, ಒಂದು ಕಾಲಿಗೆ ಹೆಪ್ಪುಗಟ್ಟಿಸಿದ ಗವಸು ತೊಡಿಸಿ ಮತ್ತೊಂದನ್ನು ಹಾಗೆಯೇ ಬಿಟ್ಟು ಹೋಲಿಸಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ತಂಪು ಮಾಡಿದ ಕಡೆ ಜೋಮು ಎದ್ದುಕಾಣುವಷ್ಟು ಕಡಿಮೆಯಿತ್ತು. ಜಪಾನಿನದೇ ಇನ್ನೊಂದು ತಂಡ 2016ರಲ್ಲಿ ಹೇಳಿದ್ದು ಇನ್ನೂ ಸರಳ: ಶಸ್ತ್ರಚಿಕಿತ್ಸೆಗೆ ಬಳಸುವ ರಬ್ಬರ್ ಕೈಗವಸು, ತಮ್ಮ ಅಳತೆಗಿಂತ ಒಂದು ಅಳತೆ ಚಿಕ್ಕದು, ಒಂದರ ಮೇಲೊಂದು ಎರಡು. ಬಿಗಿಯಿಂದಲೇ ರಕ್ತದ ಹರಿವು ತಗ್ಗುತ್ತದೆ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಎರಡನ್ನೂ ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ದೈನಂದಿನ ಕೆಲಸಕ್ಕೆ ಅಡ್ಡಿಯಾಗುವ ಮಟ್ಟದ ನರಹಾನಿ ತಂಪು ಮಾಡಿದ ಕೈಗಳಲ್ಲಿ ನೂರಕ್ಕೆ 29, ಹಾಗೆಯೇ ಬಿಟ್ಟ ಕೈಗಳಲ್ಲಿ 50. ಬಿಗಿ ಗವಸು ತೊಟ್ಟ ಕೈಗಳಲ್ಲಿ 24, ತೊಡದ ಕೈಗಳಲ್ಲಿ 38. ಲಕ್ಷಗಟ್ಟಲೆ ಬೆಲೆಯ ಚಿಕಿತ್ಸೆಯ ಪಕ್ಕದಲ್ಲಿ ಎರಡು ಜೊತೆ ಕೈಗವಸಿನ ಬೆಲೆ ಎಷ್ಟೆಂದು ನೀವೇ ಲೆಕ್ಕ ಹಾಕಿ.

ಆದರೆ ಇಲ್ಲೊಂದು ಅಪಾಯವಿದೆ, ಅದನ್ನು ಕೆಂಪು ಶಾಯಿಯಲ್ಲಿ ಬರೆಯಬೇಕು. ಕರುಳಿನ ಕ್ಯಾನ್ಸರಿಗೆ ಹೆಚ್ಚಾಗಿ ಕೊಡುವ ಆಕ್ಸಾಲಿಪ್ಲಾಟಿನ್ ವಿಷಯದಲ್ಲಿ ತಂಪೇ ಶತ್ರು. ಆ ಔಷಧಿ ಪಡೆದವರಿಗೆ ಫ್ರಿಜ್ಜಿನ ನೀರು ಕುಡಿದರೆ ಗಂಟಲು ಬಿಗಿದಂತಾಗುತ್ತದೆ, ಮುಂಜಾನೆಯ ತಣ್ಣೀರು ಮುಟ್ಟಿದರೆ ಕೈಗೆ ವಿದ್ಯುತ್ ತಗುಲಿದಂತಾಗುತ್ತದೆ. ಅವರು ಬೆಚ್ಚಗಿರಬೇಕು. ಪಕ್ಕದ ಹಾಸಿಗೆಯವರು ಮಂಜುಗಡ್ಡೆ ಹಿಡಿದಿದ್ದಾರೆಂದು ತಾವೂ ಹಿಡಿಯುವುದಲ್ಲ. ತಮಗೆ ಏರಿಸುತ್ತಿರುವ ಔಷಧಿಯ ಹೆಸರನ್ನು ಪ್ರತಿಯೊಬ್ಬ ರೋಗಿಯೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕೆಂದು ನಾನು ಹೇಳುವುದಕ್ಕೆ ಇದೊಂದು ಕಾರಣವೇ ಸಾಕು. ಮಂಜುಗಡ್ಡೆಯನ್ನು ಬರಿಮೈಗೆ ತಾಗಿಸಿದರೂ ಚರ್ಮ ಸುಡುತ್ತದೆ. ದಾದಿಯರ ಕಣ್ಣಳತೆಯಲ್ಲೇ ಆಗಬೇಕಾದ ಕೆಲಸವಿದು.

ಯೋಗ, ಆಕ್ಯುಪಂಕ್ಚರ್ ಬಗ್ಗೆ ಅನೇಕರು ಕೇಳುತ್ತಾರೆ. ಎರಡರ ಮೇಲೂ ಸಣ್ಣ ಅಧ್ಯಯನಗಳು ನಡೆದಿವೆ, ಕೆಲವರಿಗೆ ನೋವು ತಗ್ಗಿದೆ. ಖಚಿತವೆನ್ನುವಷ್ಟು ಪುರಾವೆ ಇನ್ನೂ ಇಲ್ಲ. ಬೆಂಗಳೂರಿನ ಎಸ್-ವ್ಯಾಸ ಸಂಸ್ಥೆಯವರು ಸ್ತನ ಕ್ಯಾನ್ಸರ್ ರೋಗಿಗಳಿಗೆ ಯೋಗ ಕಲಿಸಿ ಕಿಮೋದ ವಾಕರಿಕೆ ಕಡಿಮೆಯಾದುದನ್ನು 2007ರಲ್ಲಿಯೇ ಪ್ರಕಟಿಸಿದ್ದರು. ಅಭಿಮಾನಪಡಬೇಕಾದ ಕೆಲಸ. ಆದರೆ ವಾಕರಿಕೆ ಬೇರೆ, ನರ ಬೇರೆ. ಒಂದರ ಸರ್ಟಿಫಿಕೇಟನ್ನು ಇನ್ನೊಂದಕ್ಕೆ ಅಂಟಿಸಬಾರದು. ಕಿಮೋ ನಡುವೆ ಸೂಜಿ ಚುಚ್ಚಿಸಿಕೊಳ್ಳುವವರು ಮೊದಲು ರಕ್ತಕಣಗಳ ಎಣಿಕೆ ನೋಡಿಸಲಿ.

ಎಣ್ಣೆಯ ವಿಷಯಕ್ಕೆ ಬಂದರೆ ನಮ್ಮವರಲ್ಲಿ ಅನೇಕರು ಮುನಿಸಿಕೊಳ್ಳುತ್ತಾರೆ. ಮೃದುವಾಗಿ ಕಾಲು ನೀವುವುದಕ್ಕೆ ನನ್ನ ತಕರಾರಿಲ್ಲ. ಹಿತವಾಗುತ್ತದೆ, ನೀವುವ ಕೈಯ ಪ್ರೀತಿಯೂ ತಲುಪುತ್ತದೆ. ಆದರೆ ಎಣ್ಣೆಯನ್ನು ಕಾಯಿಸಿ ಹಚ್ಚುವುದು, ಇಟ್ಟಿಗೆ ಬಿಸಿ ಮಾಡಿ ಶಾಖ ಕೊಡುವುದು, ಕುದಿನೀರಿನ ಬಕೆಟ್ಟಿನಲ್ಲಿ ಕಾಲಿಡುವುದು ಇವೆಲ್ಲ ಬಿಸಿ ತಿಳಿಯುವ ಕಾಲಿಗೆ ಸರಿ. ಬಿಸಿಯೇ ತಿಳಿಯದ ಕಾಲಿಗೆ "ಹದವಾಗಿದೆಯೇ?" ಎಂದು ಕೇಳಿದರೆ ಅದು ಬೇಯುವವರೆಗೂ "ಹೂಂ" ಎನ್ನುತ್ತದೆ. ನೀರನ್ನು ಮೊಣಕೈಯಿಂದ, ಇಲ್ಲವೇ ಮನೆಯ ಬೇರೊಬ್ಬರ ಕೈಯಿಂದ ಮುಟ್ಟಿಸಿ ನೋಡಬೇಕು. ಅಂಗಾಲಿಗೆ ಎಣ್ಣೆ ಹಚ್ಚಿದ ಮೇಲೆ ಒರೆಸದೆ ನೆಲಕ್ಕೆ ಕಾಲಿಡುವುದಂತೂ, ಮೊದಲೇ ತೂಗಾಡುವವರಿಗೆ, ತಾವಾಗಿ ಜಾರುವ ವ್ಯವಸ್ಥೆ ಮಾಡಿಕೊಂಡಂತೆ.

ಸ್ಪರ್ಶವಿಲ್ಲದ ಪಾದವನ್ನು ಕಾಪಾಡುವ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಕುಷ್ಠರೋಗಿಗಳ ಬೆರಳು ಸವೆಯುವುದು ರೋಗದಿಂದ ನೇರವಾಗಿ ಅಲ್ಲ, ನೋವು ತಿಳಿಯದೆ ಆಗುವ ಗಾಯಗಳಿಂದ ಎಂಬುದನ್ನು ಡಾ. ಪಾಲ್ ಬ್ರಾಂಡ್ ಅವರು ಕಂಡುಕೊಂಡದ್ದು ವೆಲ್ಲೂರಿನಲ್ಲಿ. ಅಲ್ಲಿಂದ ಬೆಳೆದು ಬಂದದ್ದೇ ಎಂ.ಸಿ.ಆರ್. ಚಪ್ಪಲಿ, ಒಳಗೆ ಮೆತ್ತಗೆ, ಹೊರಗೆ ಮುಳ್ಳು ಚುಚ್ಚದಷ್ಟು ಗಟ್ಟಿ, ಹಿಮ್ಮಡಿಗೆ ಪಟ್ಟಿ. ಇಂದು ಸಕ್ಕರೆ ಕಾಯಿಲೆಯವರಿಗೆ ಅದನ್ನೇ ಹೇಳುತ್ತಾರೆ. ಕಿಮೋ ಪಡೆದವರ ಕಾಲಿಗೂ ಅದೇ ನ್ಯಾಯ. ಹವಾಯಿ ಚಪ್ಪಲಿಯನ್ನು ಬೆರಳಿನಿಂದ ಹಿಡಿದಿಟ್ಟುಕೊಳ್ಳಬೇಕು. ಹಿಡಿತ ತಿಳಿಯದ ಬೆರಳಿಗೆ ಅದು ಸಲ್ಲದು. ಮನೆಯೊಳಗೂ ಬರಿಗಾಲಿನಲ್ಲಿ ತಿರುಗಬಾರದು. ರಾತ್ರಿ ಮಲಗುವ ಮುನ್ನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು ಅಥವಾ ಮೊಮ್ಮಕ್ಕಳಿಂದ ನೋಡಿಸಬೇಕು. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಒಂದು ದೀಪ ಉರಿಯಲಿ: ಕಾಲು ಹೇಳದ ನೆಲವನ್ನು ಕಣ್ಣಾದರೂ ಹೇಳಬೇಕು. ದೇವಸ್ಥಾನದ ಮಾತೂ ಇದೆ. ಬೇಸಿಗೆಯ ಮಧ್ಯಾಹ್ನ ಅಮೃತಾಪುರದ ಗುಡಿಯ ಅಂಗಳದ ಕಲ್ಲು ಹೇಗೆ ಕಾದಿರುತ್ತದೆಂದು ತರೀಕೆರೆಯವರಿಗೆ ಗೊತ್ತು. ದಪ್ಪ ಕಾಲುಚೀಲ ಹಾಕಿ ಹೋಗಲಿ, ಇಲ್ಲವೇ ಬೆಳಗ್ಗೆ ಬೇಗ ಹೋಗಲಿ. ಕಾಲುಚೀಲಕ್ಕೆ ಅಮೃತೇಶ್ವರ ಮುನಿಯಲಾರ.

ಕೈಯ ವಿಷಯದಲ್ಲಿ ಅಡುಗೆಮನೆಯೂ ಅಡಿಕೆ ಕಣವೂ ಅಪಾಯದ ಜಾಗಗಳು. ಈಳಿಗೆಮಣೆಯನ್ನು ಕೆಲಕಾಲ ಬದಿಗಿಡಬೇಕು. ಕೊಯ್ಲಿನ ಕಾಲದಲ್ಲಿ ರಾತ್ರಿ ಕುಳಿತು ಅಡಿಕೆ ಸುಲಿದು ದಿನದ ಕೂಲಿ ಗಳಿಸುವ ಹೆಂಗಸರಿಗೆ ಈ ಸಲಹೆ ಕೊಡುವುದು ಸುಲಭ, ಪಾಲಿಸುವುದು ಕಷ್ಟ; ಅದು ಅವರ ಅನ್ನದ ಪ್ರಶ್ನೆ. ಕತ್ತಿ ಹಿಡಿಯುವ ಕೆಲಸದ ಬದಲು ಅಡಿಕೆ ಆರಿಸುವ ಕೆಲಸವನ್ನು ಅವರಿಗೆ ಕೊಡಿರೆಂದು ತೋಟದ ಮಾಲೀಕರಾಗಿರುವ ನನ್ನ ಶಿಷ್ಯರನ್ನು ಕೇಳಿಕೊಳ್ಳುತ್ತೇನೆ. ಬೆರಳುಗಳಿಗೆ ಮತ್ತೆ ಚುರುಕು ಕಲಿಸಲು ನಮ್ಮ ಮನೆಯಲ್ಲಿ ಬಳಸಿದ್ದು ಅಳಗುಳಿಮಣೆ. ಹುಣಸೆಬೀಜವನ್ನು ಒಂದೊಂದಾಗಿ ಎತ್ತಿ ಗುಳಿಗೆ ಹಾಕುವುದು, ಮೊದಲು ನೋಡಿಕೊಂಡು, ಆಮೇಲೆ ಕಣ್ಣು ಮುಚ್ಚಿ. ಇದಕ್ಕೆ ವಿದೇಶದ ಪರೀಕ್ಷೆಯ ಆಧಾರವೇನೂ ನನ್ನಲ್ಲಿಲ್ಲ. ತಂಗಿಗೆ ಹೊತ್ತು ಹೋಯಿತು, ಮೊಮ್ಮಗಳು ಸೋತು ಸೋತು ಜಗಳವಾಡಿದಳು, ಹೂ ಕಟ್ಟುವ ದಾರವೂ ನಿಧಾನವಾಗಿ ಕೈಗೆ ಸಿಗತೊಡಗಿತು.

ಇಷ್ಟೆಲ್ಲ ಬರೆದ ಮೇಲೆ ನನ್ನ ನಿಜವಾದ ಆಕ್ಷೇಪಕ್ಕೆ ಬರುತ್ತೇನೆ. ನಮ್ಮ ಕಡೆಯ ರೋಗಿಗಳು ಬೆಂಗಳೂರಿಗೋ ಶಿವಮೊಗ್ಗಕ್ಕೋ ಮಂಗಳೂರು, ಮಣಿಪಾಲಕ್ಕೋ ರೈಲು, ಬಸ್ಸು ಹಿಡಿದು ಹೋಗಿ ಬರುತ್ತಾರೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿಂದ ಅನೇಕ ಬಡ ಕುಟುಂಬಗಳಿಗೆ ಕಿಮೋ ನಿಲುಕುವಂತಾಗಿದೆ. 2025ರಲ್ಲಿ ರಾಜ್ಯದ ಹಲವು ಜಿಲ್ಲಾಸ್ಪತ್ರೆಗಳಲ್ಲಿ ಅದೇ ದಿನ ಮನೆಗೆ ಮರಳಬಹುದಾದ ಕಿಮೋಥೆರಪಿ ಕೇಂದ್ರಗಳೂ ಆರಂಭವಾದವು. ಔಷಧಿಯನ್ನು ಊರ ಹತ್ತಿರಕ್ಕೆ ತರುವ ಕೆಲಸ ಶ್ಲಾಘನ ೀಯ. ಆದರೆ ಔಷಧಿಯೊಂದಿಗೆ ಬರುವ ತೊಂದರೆಯನ್ನು ನೋಡಿಕೊಳ್ಳುವ ವಿದ್ಯೆಯೂ ಹತ್ತಿರ ಬರಬೇಕಲ್ಲವೇ? ಅದಕ್ಕೆ ಹೊಸ ಕಟ್ಟಡ ಬೇಡ. ತಾಲ್ಲೂಕು ಆಸ್ಪತ್ರೆಗಳಲ್ಲಿ ಸಕ್ಕರೆ ಕಾಯಿಲೆಯವರ ಪಾದ ಪರೀಕ್ಷಿಸುವವರು ಇವರ ಪಾದವನ್ನೂ ನೋಡಬಹುದು. ಫಿಸಿಯೋಥೆರಪಿಸ್ಟ್ ಇರುವ ಕಡೆ ಎರಡು ದಿನ ಸಮತೋಲದ ಅಭ್ಯಾಸ ಹೇಳಿಕೊಡಬಹುದು. ಆಶಾ ಕಾರ್ಯಕರ್ತೆಯರಿಗೆ ಒಂದು ಮಧ್ಯಾಹ್ನದ ತರಬೇತಿ ಸಾಕು. ಎಲ್ಲಕ್ಕಿಂತ ಮೊದಲು, ಕಿಮೋದ ಮೊದಲ ದಿನವೇ ರೋಗಿಯ ಕೈಗೆ ಸರಳ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಬೇಕು. ನನ್ನ ತಂಗಿಯ ಬಿಡುಗಡೆ ಪತ್ರ ನಾಲ್ಕು ಪುಟಗಳಿತ್ತು, ಎಲ್ಲವೂ ಇಂಗ್ಲಿಷಿನಲ್ಲಿ. ಕಾಲು ಜೋಪಾನ ಎಂಬ ಎರಡು ಪದಕ್ಕೆ ಅದರಲ್ಲಿ ಜಾಗವಿರಲಿಲ್ಲ.

ಅಂಥ ಹಾಳೆಯೊಂದನ್ನು ನಾನು ಬರೆದಿದ್ದೇನೆ. ಒಂದೇ ಪುಟ, ದೊಡ್ಡ ಅಕ್ಷರ, ಮಧ್ಯದಲ್ಲಿ ಔಷಧಿಯ ಹೆಸರು ಬರೆದುಕೊಳ್ಳಲು ಖಾಲಿ ಗೆರೆ. ಮೇಲೆ ಹೇಳಿದ ನನ್ನ ಶಿಷ್ಯೆ ವ್ಯಾಯಾಮದ ಭಾಗವನ್ನು ತಿದ್ದಿ ಚಿತ್ರ ಬರೆದುಕೊಟ್ಟಿದ್ದಾಳೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಪರಿಣತರಾದ ವೈದ್ಯರೊಬ್ಬರು ಅದನ್ನು ಒಮ್ಮೆ ಓದಿ ತಪ್ಪುಗಳನ್ನು ತಿದ್ದಿಕೊಟ್ಟರೆ ಅಚ್ಚು ಹಾಕಿಸಬಹುದು. ನನ್ನ ವಿದ್ಯಾರ್ಥಿಗಳಲ್ಲಿ ವೈದ್ಯರೂ ದಾದಿಯರೂ ಇದ್ದೀರಿ, ಔಷಧಿ ಅಂಗಡಿ ಇಟ್ಟವರೂ ಇದ್ದೀರಿ. ಕಡೂರಿನ ಮುದ್ರಣಾಲಯದವನೂ ನನ್ನ ಶಿಷ್ಯನೇ. ಕಾಗದದ ಖರ್ಚು ಮಾತ್ರ ಕೊಡಿ ಸರ್ ಎಂದಿದ್ದಾನೆ. ತಿದ್ದಿಕೊಡುವವರು ದಯವಿಟ್ಟು ಕರೆ ಮಾಡಿ. ಸಂಜೆ ಆರರ ಮೇಲೆ ಮಾಡಿದರೆ ಒಳ್ಳೆಯದು. ಅದಕ್ಕೆ ಮೊದಲು ನಾನು ವಾಯುವಿಹಾರಕ್ಕೆ ಹೋಗಿರುತ್ತೇನೆ.